ಷಿಕಾಗೊ ಮೇಯರ್ ತೀರಿಸದೆ ಹೋದ ಋಣ

ಅಮೆರಿಕದ ನಗರ ರಾಜಕಾರಣದಲ್ಲಿ ರಿಚರ್ಡ್ ಜೆ. ಡೇಲಿ ಅವರಷ್ಟು ಬಲಿಷ್ಠರಾದ ಮೇಯರ್‌ಗಳು ವಿರಳ. 1955ರಿಂದ 1976ರಲ್ಲಿ ಸಾಯುವವರೆಗೆ, 21 ವರ್ಷ, ಷಿಕಾಗೊ ಅವರ ಮುಷ್ಟಿಯಲ್ಲಿತ್ತು. ಅವರ ಬದುಕನ್ನು ಓದಿದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಆ ಬಲವನ್ನು ಅವರಿಗೆ ಕೊಟ್ಟವರಿಗೆ ಪ್ರತಿಯಾಗಿ ದಕ್ಕಿದ್ದೇನು?

ಡೇಲಿ ಹುಟ್ಟಿದ್ದು 1902ರಲ್ಲಿ, ಕಸಾಯಿಖಾನೆಗಳಿಗೆ ಸಮೀಪದ ಬ್ರಿಜ್‌ಪೋರ್ಟ್ ಎಂಬ ಐರಿಷ್ ಕಾರ್ಮಿಕರ ಬಡಾವಣೆಯಲ್ಲಿ. ತಂದೆ ತಗಡಿನ ಕೆಲಸಗಾರರು. ಮಗ ಹಗಲು ದುಡಿದು ಸಂಜೆ ಕಾನೂನು ಓದಿದರು. ವಾರ್ಡ್ ಮಟ್ಟದಲ್ಲಿ ರಾಜಕೀಯ ಕಲಿತು, ಶಾಸಕರಾಗಿ, 1953ರಲ್ಲಿ ಕುಕ್ ಕೌಂಟಿಯ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರಾದರು.

ಆ ಪಕ್ಷದ ಸಂಘಟನೆಯನ್ನು ಜನ ‘ಯಂತ್ರ’ವೆಂದೇ ಕರೆಯುತ್ತಿದ್ದರು. ಬೂತ್ ಮಟ್ಟದ ಕಾರ್ಯಕರ್ತ ಮನೆಮನೆಯ ಕಷ್ಟ ಬಲ್ಲವನು. ಒಬ್ಬರಿಗೆ ನಗರಾಡಳಿತದಲ್ಲಿ ಕೆಲಸ ಕೊಡಿಸುವನು, ಇನ್ನೊಬ್ಬರ ಬೀದಿಯ ಕಸ ತೆಗೆಸುವನು. ಚುನಾವಣೆಯ ದಿನ ಮತದ ರೂಪದಲ್ಲಿ ಲೆಕ್ಕ ಚುಕ್ತಾ ಆಗಬೇಕು.

1955ರಲ್ಲಿ ಡೇಲಿ ತಮ್ಮದೇ ಪಕ್ಷದ ಹಾಲಿ ಮೇಯರ್ ಮಾರ್ಟಿನ್ ಕೆನೆಲಿ ಅವರ ವಿರುದ್ಧ ನಿಂತರು. ಕಪ್ಪು ಜನರ ವಾರ್ಡ್‌ಗಳು ಸಂಸದ ವಿಲಿಯಂ ಡಾಸನ್ ಅವರ ಹಿಡಿತದಲ್ಲಿದ್ದವು. ಅಲ್ಲಿ ನಡೆಯುತ್ತಿದ್ದ ಮಟ್ಕಾದಂಥ ಜೂಜಿನ ಮೇಲೆ ಪೊಲೀಸರನ್ನು ಬಿಟ್ಟಿದ್ದ ಕೆನೆಲಿ ಅವರ ಮೇಲೆ ಡಾಸನ್ ಕುದಿಯುತ್ತಿದ್ದರು. ಫೆಬ್ರುವರಿಯ ಪಕ್ಷದೊಳಗಿನ ಚುನಾವಣೆಯಲ್ಲಿ ಆ ವಾರ್ಡ್‌ಗಳ ಮತಗಳು ಡೇಲಿ ಅವರನ್ನು ದಡ ಸೇರಿಸಿದವು. ಏಪ್ರಿಲ್‌ನಲ್ಲಿ ಅವರು ರಿಪಬ್ಲಿಕನ್ ಅಭ್ಯರ್ಥಿ ರಾಬರ್ಟ್ ಮೆರಿಯಂ ಅವರನ್ನು ಲಕ್ಷಕ್ಕೂ ಮೀರಿದ ಅಂತರದಿಂದ ಸೋಲಿಸಿದರು. 1963ರಲ್ಲಿ ಬಿಳಿಯರ ಬೆಂಬಲ ಕುಸಿದಾಗಲೂ ಕೈಹಿಡಿದವರು ಕಪ್ಪು ಮತದಾರರೇ.

ಡೇಲಿ ದಕ್ಷ ಆಡಳಿತಗಾರರೆಂಬುದನ್ನು ವಿರೋಧಿಗಳೂ ಅಲ್ಲಗಳೆಯಲಾರರು. ಹೆದ್ದಾರಿಗಳು ಬಂದವು, ಓ'ಹೇರ್ ವಿಮಾನ ನಿಲ್ದಾಣ ಬೆಳೆಯಿತು, ನಗರದ ನಡುಭಾಗ ಕಳೆಗಟ್ಟಿತು. ಅವರು ಮಾತ್ರ ಬ್ರಿಜ್‌ಪೋರ್ಟ್‌ನ ಸಾಧಾರಣ ಮನೆಯಲ್ಲೇ ಉಳಿದರು. ಆದರೆ ಕಪ್ಪು ಜನರಿಗೆ ದೊರೆತದ್ದು ಅವರಿದ್ದ ಕೊಳೆಗೇರಿಗಳ ಜಾಗದಲ್ಲೇ ಎದ್ದ ವಸತಿ ಸಮುಚ್ಚಯಗಳು. 1962ರಲ್ಲಿ ಮುಗಿದ ರಾಬರ್ಟ್ ಟೇಲರ್ ಹೋಮ್ಸ್‌ನಲ್ಲಿ 16 ಮಹಡಿಗಳ 28 ಕಟ್ಟಡಗಳು ಸಾಲಾಗಿ ನಿಂತವು. ಬಿಳಿಯರ ಬಡಾವಣೆಗಳ ಬಾಗಿಲು ಮುಚ್ಚಿಯೇ ಇತ್ತು. 1966ರಲ್ಲಿ ಆ ಬಾಗಿಲು ತಟ್ಟಲು ಬಂದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಮಾರ್ಕೆಟ್ ಪಾರ್ಕ್‌ನಲ್ಲಿ ಕಲ್ಲೇಟು ಬಿತ್ತು. ಡೇಲಿ ಅವರೊಡನೆ ಒಪ್ಪಂದವೇನೋ ಆಯಿತು. ಅದನ್ನು ಜಾರಿಗೊಳಿಸುವ ಬಲ ಅದಕ್ಕಿರಲಿಲ್ಲ. 1968ರಲ್ಲಿ ಕಿಂಗ್ ಹತ್ಯೆಯಾಗಿ ಗಲಭೆ ಎದ್ದಾಗ, ಬೆಂಕಿ ಹಚ್ಚುವವರನ್ನು ಗುಂಡಿಕ್ಕಿ ಕೊಲ್ಲಬೇಕೆಂಬ ನಿಲುವನ್ನು ಡೇಲಿ ಬಹಿರಂಗವಾಗಿ ತಳೆದರು. ಅದೇ ಆಗಸ್ಟ್‌ನಲ್ಲಿ ಪಕ್ಷದ ಮಹಾಧಿವೇಶನದ ವೇಳೆ ಅವರ ಪೊಲೀಸರು ಯುದ್ಧವಿರೋಧಿ ಯುವಜನರನ್ನು ಥಳಿಸಿದ್ದನ್ನು ದೇಶವೇ ಟಿ.ವಿ.ಯಲ್ಲಿ ಕಂಡಿತು.

ಯಂತ್ರ ಮೊದಲು ಬಿರುಕುಬಿಟ್ಟದ್ದು ಅದನ್ನು ಹೊತ್ತವರಿಂದಲೇ. ಡಾಸನ್ ಅವರ ಸ್ಥಾನಕ್ಕೆ ಬಂದ ರಾಲ್ಫ್ ಮೆಟ್ಕಾಫ್ 1936ರ ಬರ್ಲಿನ್ ಒಲಿಂಪಿಕ್ಸ್‌ನ ಓಟದಲ್ಲಿ ಜೆಸ್ಸಿ ಓವನ್ಸ್ ಹಿಂದೆ ಬೆಳ್ಳಿ ಗೆದ್ದವರು, ಡೇಲಿ ಅವರ ನಿಷ್ಠಾವಂತ. 1972ರಲ್ಲಿ ಪೊಲೀಸ್ ದೌರ್ಜನ್ಯವನ್ನು ಪ್ರತಿಭಟಿಸಿ ಅವರು ಸಿಡಿದರು. 1976ರಲ್ಲಿ ಡೇಲಿ ನಿಲ್ಲಿಸಿದ ಎದುರಾಳಿಯನ್ನು ಸೋಲಿಸಿದರು. ಆ ಡಿಸೆಂಬರ್‌ನಲ್ಲಿ ಡೇಲಿ ಹೃದಯಾಘಾತದಿಂದ ತೀರಿಕೊಂಡರು. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ನಗರದ ಮೊದಲ ಕಪ್ಪು ಮೇಯರ್ ಆದರು. ಪಕ್ಷದೊಳಗಿನ ಸ್ಪರ್ಧೆಯಲ್ಲಿ ಅವರಿಗೆ ಸೋತವರಲ್ಲಿ ಡೇಲಿ ಅವರ ಮಗನೂ ಒಬ್ಬರು.

ಡೇಲಿ ಅವರನ್ನು ಕೇವಲ ಖಳನೆಂದು ನಾನು ಭಾವಿಸಲಾರೆ. ಮತದಾರನ ದಿನನಿತ್ಯದ ಕಷ್ಟಕ್ಕೆ ಸ್ಪಂದಿಸುವ ರಾಜಕಾರಣ ಅವರಿಗೆ ಗೊತ್ತಿತ್ತು. ಒಂದು ಕೆಲಸ, ಒಂದು ಸಹಾಯ ಕೊಟ್ಟರೆ ಮತದ ಋಣ ತೀರಿತೆಂದು ಅವರು ಬಗೆದರು. ಆದರೆ ಆ ಮತದಾರರು ಕೇಳುತ್ತಿದ್ದುದು ಇಷ್ಟಬಂದ ಬೀದಿಯಲ್ಲಿ ಮನೆ ಮಾಡುವ ಹಕ್ಕನ್ನು. ಉಪಕಾರವನ್ನೇ ಹಕ್ಕಿನ ಬದಲಿಗೆ ಹಂಚುವ ಆಡಳಿತ ಎಷ್ಟೇ ದಕ್ಷವಾಗಿರಲಿ, ಅದನ್ನು ನ್ಯಾಯವೆನ್ನಲು ನನಗೆ ಸಾಧ್ಯವಿಲ್ಲ.