ಮಿಮಾರ್ ಸಿನಾನ್: ಲೆಕ್ಕವಿಟ್ಟು ಕಟ್ಟಿದ ಶಿಲ್ಪಿ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಯೋಜನೆ, ಸಂಘಟನೆ, ನಿಯಂತ್ರಣ ಎಂಬ ಪಾಠಗಳಿವೆ. ನಮ್ಮಲ್ಲಿ ಹೆಚ್ಚಿನವರು ಪರೀಕ್ಷೆಗೆಂದು ವ್ಯಾಖ್ಯೆ ಬಾಯಿಪಾಠ ಮಾಡಿ ಅಲ್ಲಿಗೇ ಬಿಡುತ್ತಾರೆ. ಈ ಮೂರನ್ನೂ 16ನೇ ಶತಮಾನದಲ್ಲೇ ಕೆಲಸದ ಜಾಗದಲ್ಲಿ ಮಾಡಿ ತೋರಿಸಿದವರು ಉಸ್ಮಾನಿಯಾ ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿ ಸಿನಾನ್. ತುರ್ಕಿಯ ಜನ ಅವರನ್ನು ಮಿಮಾರ್ ಸಿನಾನ್ ಎನ್ನುತ್ತಾರೆ. ಉರ್ದು ಬಲ್ಲವರಿಗೆ ಗೊತ್ತಿರುವ ಮೇಮಾರ್ ಪದವೇ ಅದು, ಕಟ್ಟುವವನು ಎಂದರ್ಥ.

ಸಿನಾನ್ ಹುಟ್ಟಿದ್ದು 1490ರ ಸುಮಾರಿಗೆ, ಅನಾತೋಲಿಯಾದ ಕೈಸೇರಿ ಪಟ್ಟಣದ ಹತ್ತಿರದ ಅಗಿರ್ನಾಸ್ ಎಂಬ ಹಳ್ಳಿಯ ಕ್ರೈಸ್ತ ಕುಟುಂಬದಲ್ಲಿ. ಹಳ್ಳಿಗಳಿಂದ ಹುಡುಗರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಅಂದಿನ ಪದ್ಧತಿಯಂತೆ ಇಸ್ತಾಂಬುಲ್‌ಗೆ ಬಂದು, ಇಸ್ಲಾಂ ಸ್ವೀಕರಿಸಿ, ಬಡಗಿಯ ಕೆಲಸ ಕಲಿತರು. ಬೆಲ್‌ಗ್ರೇಡ್, ರೋಡ್ಸ್, ಮೊಹಾಚ್ ಯುದ್ಧಗಳಲ್ಲಿ ಸೈನಿಕರಾಗಿದ್ದರು. ವಾನ್ ಸರೋವರದ ದಡದಲ್ಲಿ ಸೈನ್ಯ ತಡೆದು ನಿಂತಾಗ ಅಲ್ಲೇ ಹಡಗುಗಳನ್ನು ಕಟ್ಟಿಕೊಟ್ಟರು. 1538ರಲ್ಲಿ ಪ್ರುತ್ ನದಿಯ ಕೆಸರಿನಲ್ಲಿ ಬೇರೆಯವರು ಹಾಕಿದ ಸೇತುವೆ ನಿಲ್ಲದೆ ಹೋದಾಗ, ಹದಿಮೂರು ದಿನಗಳಲ್ಲಿ ಸೈನ್ಯ ದಾಟುವಂಥ ಸೇತುವೆ ನಿಲ್ಲಿಸಿದರೆಂದು ಅವರ ಆತ್ಮಚರಿತ್ರೆ ಹೇಳುತ್ತದೆ. ಹೆಚ್ಚುಕಡಿಮೆ ಅದೇ ಸಮಯಕ್ಕೆ ಮುಖ್ಯ ವಾಸ್ತುಶಿಲ್ಪಿಯ ಹುದ್ದೆ ಸಿಕ್ಕಿತು. ಆಗ ಅವರಿಗೆ ಐವತ್ತರ ಹತ್ತಿರ ವಯಸ್ಸು. ನಮ್ಮಲ್ಲಿ ಆ ವಯಸ್ಸಿಗೆ ಜನ ನಿವೃತ್ತಿಯ ಲೆಕ್ಕ ಹಾಕುತ್ತಿರುತ್ತಾರೆ. ಸಿನಾನ್ ಅಲ್ಲಿಂದ ಇನ್ನೂ ಐವತ್ತು ವರ್ಷ ದುಡಿದರು.

ಅವರ ಕೆಲಸದ ರೀತಿ ಚೆನ್ನಾಗಿ ತಿಳಿಯುವುದು ಸುಲೈಮಾನಿಯಾ ಮಸೀದಿಯಿಂದ. 1550ರಲ್ಲಿ ಅಡಿಪಾಯ ಬಿತ್ತು, 1557ರಲ್ಲಿ ಮಸೀದಿ ತೆರೆಯಿತು. ಬರೀ ಮಸೀದಿಯಲ್ಲ, ಸುತ್ತಲೂ ಮದರಸಾಗಳು, ಆಸ್ಪತ್ರೆ, ಬಡವರಿಗೆ ಊಟ ಹಾಕುವ ಅಡುಗೆಮನೆ, ಹಮಾಮ್, ಪ್ರಯಾಣಿಕರ ತಂಗುದಾಣ. ಜಾಗವೋ ಇಳಿಜಾರಿನ ಗುಡ್ಡ. ಒಂದೊಂದು ಸಾಮಾನು ಒಂದೊಂದು ದಿಕ್ಕಿನಿಂದ ಬರಬೇಕು: ಬಿಳಿ ಅಮೃತಶಿಲೆ ಮರ್ಮರಾ ದ್ವೀಪದಿಂದ, ಬಣ್ಣದ ಹೆಂಚು ಇಜ್ನಿಕ್‌ನಿಂದ. ಒಳಗಿನ ನಾಲ್ಕು ದೊಡ್ಡ ಕಂಬಗಳಲ್ಲಿ ಒಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ, ಇನ್ನೊಂದು ಬಾಲ್‌ಬೆಕ್‌ನಿಂದ ಹಡಗಿನಲ್ಲಿ ಬಂದವು, ಉಳಿದೆರಡು ಇಸ್ತಾಂಬುಲ್‌ನಲ್ಲೇ ಸಿಕ್ಕವು ಎಂದು ಆತ್ಮಚರಿತ್ರೆಯಲ್ಲಿದೆ. ಕಂಬ ಬರುವುದು ತಡವಾದರೆ ಕಮಾನು ಏರುವುದಿಲ್ಲ, ಕಮಾನು ಏರದೆ ಗುಮ್ಮಟವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿಲ್ಲದವರ ಕೈಯಲ್ಲಿ ಈ ಕೆಲಸ ಏಳು ವರ್ಷದಲ್ಲಿ ಮುಗಿಯುತ್ತಿರಲಿಲ್ಲ.

ಈ ನಿರ್ಮಾಣದ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ಕಟ್ಟಡದಷ್ಟೇ ದೊಡ್ಡ ಸಂಪತ್ತು ಅವು ಎಂದು ನನಗನ್ನಿಸುತ್ತದೆ. ಯಾವ ವಾರ ಯಾರು ಕೆಲಸಕ್ಕೆ ಬಂದರು, ಯಾವ ಕಸುಬಿನವರು, ಎಷ್ಟು ಕೂಲಿ ಎಂಬುದೆಲ್ಲ ಬರೆದಿಟ್ಟಿದ್ದಾರೆ. ಕುಶಲಕರ್ಮಿಗಳು ಸುಮಾರು 3,500 ಮಂದಿ. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ಕ್ರೈಸ್ತರು, ಉಳಿದವರು ಮುಸ್ಲಿಮರು. ಸುಲ್ತಾನರ ಮಸೀದಿಯ ಕಲ್ಲನ್ನು ಇಬ್ಬರೂ ಸೇರಿ ಕೆತ್ತಿದರು. ಹಣದ ಜವಾಬ್ದಾರಿಗೆ ಬೇರೆಯೇ ಅಧಿಕಾರಿ, ಅವರ ಕೆಳಗೆ ಗುಮಾಸ್ತರು. ನಕ್ಷೆ ಹಾಕುವವರು ಒಬ್ಬರು, ಹಣ ಬಟವಾಡೆ ಮಾಡುವವರು ಇನ್ನೊಬ್ಬರು. ಇಂದಿನ ಒಳ್ಳೆಯ ಕಂಪನಿಗಳಲ್ಲೂ ಇದೇ ಏರ್ಪಾಡು.

ಇಷ್ಟಾದರೂ ಚಾಡಿ ತಪ್ಪಲಿಲ್ಲ. ಕೆಲಸ ಕೊನೆಯ ಹಂತದಲ್ಲಿದ್ದಾಗ, ಸಿನಾನ್ ಕೆಲಸ ಎಳೆಯುತ್ತಿದ್ದಾರೆ, ಗುಮ್ಮಟ ನಿಲ್ಲುವುದೇ ಅನುಮಾನ ಎಂದು ಕೆಲವರು ಸುಲ್ತಾನ್ ಸುಲೈಮಾನರ ಕಿವಿ ಊದಿದರು. ಸುಲ್ತಾನರು ಕೋಪದಿಂದ ನೇರವಾಗಿ ಕಟ್ಟಡದ ಜಾಗಕ್ಕೇ ಬಂದರು. ತಮ್ಮ ಮುತ್ತಜ್ಜ ಸುಲ್ತಾನ್ ಮುಹಮ್ಮದರ ಕಾಲದ ಶಿಲ್ಪಿಗೆ ಆದ ಗತಿಯನ್ನು ನೆನಪಿಸಿ, ಯಾವಾಗ ಮುಗಿಸುತ್ತೀರಿ ಎಂದು ಕೇಳಿದರು. ಆ ಶಿಲ್ಪಿ ಅರಸರ ಕೋಪಕ್ಕೆ ಬಲಿಯಾದವರು. ಸಿನಾನ್ ಎರಡು ತಿಂಗಳು ಎಂದರು. ಆಸ್ಥಾನದವರು ಇವರಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡರು. ಸುಲ್ತಾನರೂ ನಂಬದೆ ಮತ್ತೊಮ್ಮೆ ಕೇಳಿದರು, ಉತ್ತರ ಬದಲಾಗಲಿಲ್ಲ. ಪ್ರಾಣಭಯದಿಂದ ಬಾಯಿಗೆ ಬಂದ ಗಡುವು ಆಗಿದ್ದರೆ ಅದು ಮೀರಿಹೋಗುತ್ತಿತ್ತು. ಯಾವ ಕೆಲಸ ಎಷ್ಟು ಉಳಿದಿದೆ, ಎಷ್ಟು ಕೈ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಊರಿನಲ್ಲಿ ಸಿಕ್ಕ ಕುಶಲಕರ್ಮಿಗಳನ್ನೆಲ್ಲ ಸೇರಿಸಿ ಹಗಲಿರುಳು ದುಡಿಸಿ ಎರಡು ತಿಂಗಳಿಗೆ ಮುಗಿಸಿದರು. ಬೀಗದ ಕೈಯನ್ನು ಸುಲ್ತಾನರಿಗೆ ಒಪ್ಪಿಸಿದಾಗ, ಬಾಗಿಲು ತೆರೆಯುವ ಗೌರವವನ್ನು ಅವರು ಸಿನಾನರಿಗೇ ಕೊಟ್ಟರು. ಇದು ಸಿನಾನ್ ಹೇಳಿ ಗೆಳೆಯ, ಕವಿ ಸಾಯಿ ಮುಸ್ತಫಾ ಬರೆದುಕೊಂಡದ್ದು. ಗುಮ್ಮಟದಡಿ ಸಿನಾನ್ ಹುಕ್ಕಾ ಗುಡುಗುಡಿಸುತ್ತ ಕುಳಿತು ಶಬ್ದ ಪರೀಕ್ಷಿಸಿದರೆಂಬ ಇನ್ನೊಂದು ಕಥೆ ಬಹಳ ಪ್ರಸಿದ್ಧ. ಆದರೆ ಆ ಕಾಲಕ್ಕೆ ತಂಬಾಕು ಇಸ್ತಾಂಬುಲ್ ತಲುಪಿರಲಿಲ್ಲ, ಹಾಗಾಗಿ ಅದನ್ನು ನಂಬಬೇಕಿಲ್ಲ.

ಎಲ್ಲವೂ ಅಂದುಕೊಂಡಂತೆ ನಡೆಯಿತೆಂದೂ ಅಲ್ಲ. ಬೆಳೆಯುತ್ತಿದ್ದ ನಗರಕ್ಕೆ ಕಾಡಿನಿಂದ ನೀರು ತರುವ ಕಿರ್ಕ್‌ಚೆಶ್ಮೆ ಕಾಮಗಾರಿಯ ಹೊಣೆಯೂ ಅವರದೇ ಆಗಿತ್ತು. ಕಣಿವೆಗಳ ಮೇಲೆ ಕಮಾನು ಕಟ್ಟಿ ನೀರು ಹರಿಸುವ ಮೇಲ್ಗಾಲುವೆಗಳು ಏಳುತ್ತಿದ್ದವು. 1563ರ ಭಾರಿ ಪ್ರವಾಹ ಅವುಗಳಲ್ಲಿ ಕೆಲವನ್ನು ಕೊಚ್ಚಿಹಾಕಿತು. ಎಪ್ಪತ್ತು ದಾಟಿದ್ದ ಸಿನಾನ್ ಮತ್ತೆ ಕಟ್ಟಿಸಿದರು. ಅವುಗಳಲ್ಲಿ ಮಗ್ಲೋವಾ ಎಂಬ ಮೇಲ್ಗಾಲುವೆ ಇಂದೂ ನಿಂತಿದೆ.

ಮಸೀದಿ, ಮದರಸಾ, ಸೇತುವೆ, ಹಮಾಮ್ ಎಲ್ಲ ಸೇರಿ ಅವರ ಹೆಸರಿನಲ್ಲಿ 300ಕ್ಕೂ ಹೆಚ್ಚು ಕಟ್ಟಡಗಳಿವೆ. ಅಷ್ಟು ಜಾಗಕ್ಕೆ ಒಬ್ಬ ಮನುಷ್ಯ ಹೋಗಿ ನಿಲ್ಲಲು ಸಾಧ್ಯವೇ? ಅರಮನೆಯ ವಾಸ್ತುಶಿಲ್ಪಿಗಳ ಕಚೇರಿಯೊಂದಿತ್ತು, ಅದಕ್ಕೆ ಸಿನಾನ್ ಮುಖ್ಯಸ್ಥರು. ದೂರದ ಪ್ರಾಂತ್ಯಗಳ ಕೆಲಸಕ್ಕೆ ಅಲ್ಲಿಂದ ನಂಬಿಕೆಯ ಶಿಲ್ಪಿಗಳನ್ನು ಕಳಿಸುತ್ತಿದ್ದರು. ಬೋಸ್ನಿಯಾದ ಮೊಸ್ತಾರ್‌ನ ಪ್ರಸಿದ್ಧ ಸೇತುವೆ ಕಟ್ಟಿದ ಹೈರುದ್ದೀನ್ ಅವರ ಶಿಷ್ಯರೆಂದು ಹೇಳುತ್ತಾರೆ. ತಾವೇ ನಿಂತು ಮಾಡಬೇಕಾದದ್ದನ್ನು ಮಾತ್ರ ಸಿನಾನ್ ತಾವೇ ಮಾಡಿದರು. ಎಡಿರ್ನೆ ನಗರದ ಸಲೀಮಿಯಾ ಮಸೀದಿ ಅಂಥದ್ದು. 31 ಮೀಟರ್ ಅಗಲದ ಗುಮ್ಮಟವನ್ನು ಎಂಟು ಕಂಬಗಳ ಮೇಲೆ ಕೂರಿಸುವಾಗ ಅವರಿಗೆ ಎಂಬತ್ತು. ಸುಲೈಮಾನಿಯಾ ತಾವು ನುರಿತ ಕೆಲಸಗಾರರಾಗಿದ್ದಾಗಿನ ಕೆಲಸ, ಸಲೀಮಿಯಾ ಗುರುವಾದ ಮೇಲಿನದು ಎಂದು ಅವರು ಭಾವಿಸಿದ್ದರಂತೆ.

1588ರಲ್ಲಿ ತೀರಿಕೊಂಡರು. ಸುಲೈಮಾನಿಯಾದ ಗೋಡೆಯಾಚೆ, ರಸ್ತೆಯ ಮೂಲೆಯಲ್ಲಿ ಅವರದೊಂದು ಚಿಕ್ಕ ಗೋರಿ ಇದೆ. ಹುದ್ದೆಗೆ ಅವರ ಕೈಕೆಳಗೆ ಬೆಳೆದ ದಾವೂದ್ ಆಗಾ ಬಂದರು. ಅದೇ ಕಚೇರಿಯಲ್ಲಿ ಪಳಗಿದ ಮೆಹ್ಮೆತ್ ಆಗಾ 1609ರಲ್ಲಿ ಇನ್ನೊಂದು ದೊಡ್ಡ ಮಸೀದಿಯ ಕೆಲಸ ಶುರುಮಾಡಿದರು. ಇಂದು ಇಸ್ತಾಂಬುಲ್‌ಗೆ ಹೋದವರೆಲ್ಲ ಫೋಟೊ ತೆಗೆದುಕೊಂಡು ಬರುವ ನೀಲಿ ಮಸೀದಿ ಅದೇ.