ಚಾರ್ಲ್ಸ್ ಡಾರ್ವಿನ್: ನನ್ನದೊಂದು ತಿದ್ದುಪಡಿ

ಕಳೆದ ತಿಂಗಳು ನಮ್ಮ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ನಾನು ಡಾರ್ವಿನ್ ಅವರ ಬಗ್ಗೆ ಮಾತನಾಡಿದ್ದೆ. ಸಾಯುವ ಮುಂಚೆ ಅವರು ಬೈಬಲ್ ಹಿಡಿದುಕೊಂಡು ತೌಬಾ ಮಾಡಿದರು, ತಮ್ಮ ಸಿದ್ಧಾಂತಕ್ಕಾಗಿ ಪಶ್ಚಾತ್ತಾಪ ಪಟ್ಟರು ಎಂದು ಹೇಳಿ ಭಾಷಣ ಮುಗಿಸಿದೆ. ಜೋರಾಗಿ ಚಪ್ಪಾಳೆ ಬಿತ್ತು. ಎರಡನೇ ಬಹುಮಾನವೂ ಬಂತು. ಮರುದಿನ ಜೀವಶಾಸ್ತ್ರದ ಮೇಡಂ ನನ್ನನ್ನು ನಿಲ್ಲಿಸಿ, ಕೊನೆಯ ವಿಷಯ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಮೊಬೈಲಿಗೆ ಬಂದ ಫಾರ್ವರ್ಡ್ ಎಂದೆ. ಅವರು ಬೈಯಲಿಲ್ಲ. ಡಾರ್ವಿನ್ ಅವರ ಜೀವನಚರಿತ್ರೆಯ ಪುಸ್ತಕವೊಂದನ್ನು ಕೊಟ್ಟು ಓದಲು ಹೇಳಿದರು. ಓದಿದ ಮೇಲೆ ನಾನು ಹೇಳಿದ್ದು ಸುಳ್ಳು ಎಂದು ಗೊತ್ತಾಯಿತು. ಲೆಕ್ಕಶಾಸ್ತ್ರದಲ್ಲಿ ತಪ್ಪು ಎಂಟ್ರಿಯನ್ನು ಅಳಿಸಿ ಹಾಕುವಂತಿಲ್ಲ, ತಿದ್ದುಪಡಿ ಎಂಟ್ರಿ ಬರೆಯಬೇಕು. ಈ ಲೇಖನ ಅಂಥದ್ದೇ.

ಡಾರ್ವಿನ್ ಅವರು 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದರು. ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ವೈದ್ಯರು. ಮಗನೂ ವೈದ್ಯನಾಗಲಿ ಎಂದು ಎಡಿನ್‌ಬರೋಗೆ ಕಳಿಸಿದರು. ಆಗ ಅರಿವಳಿಕೆ ಇರಲಿಲ್ಲ. ಮಗುವೊಂದಕ್ಕೆ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಡಾರ್ವಿನ್ ಹೊರಗೆ ಓಡಿದರು. ಹಾಗಾದರೆ ಪಾದ್ರಿಯಾಗಲಿ ಎಂದು ತಂದೆ ಕೇಂಬ್ರಿಡ್ಜ್‌ಗೆ ಸೇರಿಸಿದರು. ಇದು ನನಗೆ ಗೊತ್ತೇ ಇರಲಿಲ್ಲ. ಧರ್ಮದ ವೈರಿ ಎಂದು ನಾನು ತಿಳಿದಿದ್ದ ಮನುಷ್ಯ ಚರ್ಚಿನ ಗುರುವಾಗಲು ಓದಿದವರು!

1831ರ ಡಿಸೆಂಬರ್ 27ರಂದು ಬೀಗಲ್ ಎಂಬ ಹಡಗಿನಲ್ಲಿ ಹೊರಟರು. ಸುಮಾರು ಐದು ವರ್ಷ ಲೋಕ ಸುತ್ತಿದರು. ಆಗಲೂ ಅವರು ಬೈಬಲ್‌ನ ಮಾತುಗಳನ್ನು ಹೇಳುತ್ತಿದ್ದರಂತೆ, ಅಧಿಕಾರಿಗಳು ನಗುತ್ತಿದ್ದರಂತೆ. ಪ್ರಯಾಣದಲ್ಲಿ ಕಂಡ ಪಳೆಯುಳಿಕೆ, ಪ್ರಾಣಿ, ಪಕ್ಷಿಗಳು ಅವರ ತಲೆಯಲ್ಲಿ ಪ್ರಶ್ನೆ ಎಬ್ಬಿಸಿದವು. ಹುಟ್ಟುವ ಜೀವಿಗಳೆಲ್ಲ ಬದುಕುವುದಿಲ್ಲ. ಸಣ್ಣ ಸಣ್ಣ ವ್ಯತ್ಯಾಸಗಳಲ್ಲಿ ಪರಿಸರಕ್ಕೆ ಹೊಂದುವಂಥವು ಉಳಿದು ಮುಂದಿನ ಪೀಳಿಗೆಗೆ ಹೋಗುತ್ತವೆ. ಹೀಗೆ ಲಕ್ಷಾಂತರ ವರ್ಷಗಳಲ್ಲಿ ಜೀವಿಗಳು ಬದಲಾಗುತ್ತವೆ. ಇದೇ ನೈಸರ್ಗಿಕ ಆಯ್ಕೆ.

1838ರಲ್ಲಿ ಮದುವೆಯಾಗಬೇಕೋ ಬೇಡವೋ ಎಂದು ಅವರು ಕಾಗದದ ಮೇಲೆ ಎರಡು ಭಾಗ ಮಾಡಿ ಲಾಭ ನಷ್ಟ ಬರೆದರು. ನಮ್ಮ ಟಿ ಅಕೌಂಟ್‌ನಂತೆಯೇ! ನಷ್ಟದ ಕಡೆ, ಪುಸ್ತಕಕ್ಕೆ ಹಣ ಸಾಲದು ಎಂಬುದೂ ಇತ್ತು. ಕೊನೆಗೆ ಮದುವೆಯೇ ಗೆದ್ದಿತು. 1839ರಲ್ಲಿ ಸೋದರಮಾವನ ಮಗಳು ಎಮ್ಮಾ ಅವರನ್ನು ಮದುವೆಯಾದರು.

ಧರ್ಮದ ಬಗ್ಗೆ ನಿನಗಿರುವ ಅನುಮಾನಗಳನ್ನು ಹೆಂಡತಿಗೆ ಹೇಳಬೇಡ ಎಂದು ತಂದೆ ಎಚ್ಚರಿಸಿದ್ದರು. ಡಾರ್ವಿನ್ ಮದುವೆಗೆ ಮುಂಚೆಯೇ ಹೇಳಿಬಿಟ್ಟರು. ಎಮ್ಮಾ ಭಕ್ತಿಯುಳ್ಳ ಕ್ರೈಸ್ತ ಮಹಿಳೆ. ಸತ್ತ ಮೇಲೆ ತಾವಿಬ್ಬರೂ ಒಟ್ಟಿಗೆ ಇರುವುದಿಲ್ಲವೇನೋ ಎಂಬ ಭಯ ಅವರಿಗಿತ್ತು. ಅದನ್ನು ಪತ್ರದಲ್ಲಿ ಬರೆದು ಗಂಡನಿಗೆ ಕೊಟ್ಟರು. ಡಾರ್ವಿನ್ ಆ ಪತ್ರವನ್ನು ಕೊನೆಯವರೆಗೂ ಜೋಪಾನವಾಗಿ ಇಟ್ಟುಕೊಂಡರು. ಎಷ್ಟೋ ಸಲ ಅದಕ್ಕೆ ಮುತ್ತಿಟ್ಟು ಅತ್ತಿದ್ದೇನೆ ಎಂದು ಅದರ ಕೆಳಗೇ ಬರೆದಿಟ್ಟರು. ಇದನ್ನು ಅಮ್ಮಿಗೆ ಓದಿ ಹೇಳಿದಾಗ ಅವರು ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದರು.

ಅವರಿಗೆ ಹತ್ತು ಮಕ್ಕಳು. ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. 1851ರಲ್ಲಿ ಹತ್ತು ವರ್ಷದ ಆ್ಯನಿ ಮಾಲ್ವರ್ನ್ ಎಂಬ ಊರಿನಲ್ಲಿ ಕಾಯಿಲೆಯಿಂದ ಸತ್ತಾಗ ಎಮ್ಮಾ ತುಂಬು ಗರ್ಭಿಣಿ, ಹೋಗಲಾಗಲಿಲ್ಲ. ಮಗಳ ಪಕ್ಕದಲ್ಲಿ ಕೂತು ಡಾರ್ವಿನ್ ಮನೆಗೆ ಪತ್ರ ಬರೆಯುತ್ತಿದ್ದರು. 1858ರ ಜುಲೈ 1ರಂದು ಅವರ ಮತ್ತು ವಾಲೇಸ್ ಅವರ ಸಿದ್ಧಾಂತವನ್ನು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಲಾಯಿತು. ಡಾರ್ವಿನ್ ಅಲ್ಲಿರಲಿಲ್ಲ. ಅದೇ ದಿನ ಅವರು ತಮ್ಮ ಕೊನೆಯ ಮಗುವನ್ನು ಮಣ್ಣು ಮಾಡುತ್ತಿದ್ದರು. ಮರುವರ್ಷ ಅವರ ಪ್ರಸಿದ್ಧ ಪುಸ್ತಕ ಹೊರಬಂತು.

ಅವರ ನಂಬಿಕೆ ಒಂದೇ ದಿನ ಹೋಗಲಿಲ್ಲ, ನಿಧಾನವಾಗಿ ಸವೆಯಿತು. ಲೋಕದಲ್ಲಿ ಇಷ್ಟೊಂದು ನೋವು ಯಾಕಿದೆ ಎಂಬುದು ಅವರನ್ನು ಕಾಡಿತು. ಹಾಗೆಂದು ಈ ಅದ್ಭುತ ಜಗತ್ತು ಬರೀ ಆಕಸ್ಮಿಕ ಎನ್ನಲೂ ಅವರಿಗೆ ಮನಸ್ಸು ಒಪ್ಪಲಿಲ್ಲ. ದೇವರಿಲ್ಲ ಎಂದು ಸಾರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡರು. ಅವರ ಗೆಳೆಯ, ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಕ್ರೈಸ್ತರಾಗಿಯೇ ಇದ್ದು ಜೀವವಿಕಾಸವನ್ನು ಸಮರ್ಥಿಸಿದರು. ಅದೇ ವಿಜ್ಞಾನವನ್ನು ಒಪ್ಪಿಕೊಂಡ ಇಬ್ಬರೂ ದೇವರ ವಿಷಯದಲ್ಲಿ ಬೇರೆ ಬೇರೆ ಕಡೆ ನಿಂತರು, ಆದರೂ ಸ್ನೇಹ ಕೆಡಲಿಲ್ಲ.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ತುಂಬ ಇಷ್ಟವಾದ ವಿಷಯ ಇನ್ನೊಂದಿದೆ. ತಮ್ಮ ಡೌನ್ ಹಳ್ಳಿಯ ಬಡ ಕೆಲಸಗಾರರ ಸಹಾಯ ಸಂಘಕ್ಕೆ ಡಾರ್ವಿನ್ 30 ವರ್ಷ ಖಜಾಂಚಿಯಾಗಿದ್ದರು. ವರ್ಷಕ್ಕೊಮ್ಮೆ ಸದಸ್ಯರು ಬ್ಯಾಂಡು ಬಾರಿಸುತ್ತ ಅವರ ಮನೆಯಂಗಳಕ್ಕೆ ಬರುತ್ತಿದ್ದರು. ಅವರು ನಗಿಸುತ್ತ ಸಂಘದ ಹಣಕಾಸಿನ ಸ್ಥಿತಿ ವಿವರಿಸುತ್ತಿದ್ದರು. ಊರಿನ ಪಾದ್ರಿ ಇನ್ನೆಸ್ ಅವರ ಆಪ್ತ ಸ್ನೇಹಿತರು. ಭಾನುವಾರ ಹೆಂಡತಿ ಮಕ್ಕಳು ಚರ್ಚಿನೊಳಗೆ ಹೋದರೆ ಡಾರ್ವಿನ್ ಹೊರಗೆ ವಾಕಿಂಗ್ ಮಾಡುತ್ತಿದ್ದರು. ಬದುಕಿಗೆ ಏನರ್ಥ ಎಂಬ ಪ್ರಶ್ನೆಗೆ ಅವರಿಗೆ ಪೂರ್ತಿ ಉತ್ತರ ಸಿಗಲಿಲ್ಲ. ಆದರೆ ಬಡವರ ಲೆಕ್ಕವನ್ನು ಅವರು ಅರ್ಧಕ್ಕೆ ಬಿಡಲಿಲ್ಲ.

1882ರ ಏಪ್ರಿಲ್ 19ರಂದು ಎಮ್ಮಾ ಮತ್ತು ಮಕ್ಕಳ ಮಧ್ಯೆ ಡಾರ್ವಿನ್ ತೀರಿಕೊಂಡರು. ಊರಿನಲ್ಲೇ ಮಣ್ಣಾಗಬೇಕು ಎಂಬುದು ಅವರ ಆಸೆ. ಆದರೆ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬ್ಬೆ ಎಂಬ ದೊಡ್ಡ ಚರ್ಚಿನಲ್ಲಿ ನ್ಯೂಟನ್ ಸಮಾಧಿಯ ಹತ್ತಿರ ಅವರನ್ನು ಸಮಾಧಿ ಮಾಡಲಾಯಿತು. ತೌಬಾದ ಕಥೆ ಅಚ್ಚಾದದ್ದು 1915ರಲ್ಲಿ, ಅಂದರೆ 33 ವರ್ಷಗಳ ನಂತರ. ಲೇಡಿ ಹೋಪ್ ಎಂಬವರು ಹೇಳಿದ ಕಥೆ ಅದು. ತಂದೆಯ ಕೊನೆಗಳಿಗೆಯಲ್ಲಿ ಜೊತೆಗಿದ್ದ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಅದನ್ನು ಸ್ಪಷ್ಟವಾಗಿ ಅಲ್ಲಗಳೆದರು.

ನಾನು ಅಬ್ಬಾ ಹತ್ತಿರ ಎಲ್ಲ ಹೇಳಿಕೊಂಡೆ. ದೀನ್‌ಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದೆ ಎಂದೆ. ನಮ್ಮ ಕಡೆಗೆ ಹೇಳಿದರೂ ಸುಳ್ಳು ಸಾಕ್ಷಿ ಸುಳ್ಳು ಸಾಕ್ಷಿಯೇ ಎಂದರು ಅಬ್ಬಾ. ಡಾರ್ವಿನ್ ಅವರ ಎಲ್ಲ ಮಾತನ್ನೂ ನಾನು ಒಪ್ಪಿದ್ದೇನೆ ಎಂದಲ್ಲ. ಮನುಷ್ಯನನ್ನು ಸೃಷ್ಟಿಸಿದವನು ಅಲ್ಲಾಹ್ ಎಂಬುದೇ ನನ್ನ ನಂಬಿಕೆ. ಹೇಗೆ ಸೃಷ್ಟಿಸಿದ ಎಂದು ತಿಳಿಯಲು ನಾನಿನ್ನೂ ಬಹಳ ಓದಬೇಕಿದೆ. ಆದರೆ ನನ್ನ ಈಮಾನ್ ನಿಲ್ಲಲು ಸತ್ತವರ ಬಗ್ಗೆ ಒಂದು ಸುಳ್ಳಿನ ಆಸರೆ ಬೇಕಾಗಿಲ್ಲ. ಅಂದು ಚಪ್ಪಾಳೆ ತಟ್ಟಿದ ಸ್ನೇಹಿತರೆಲ್ಲ ದಯವಿಟ್ಟು ಇದನ್ನೂ ಓದಿ. ಆ ಫಾರ್ವರ್ಡ್ ನಿಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.