ಚೆಂಡನ್ನೆತ್ತಿಕೊಂಡು ಓಡಿದ ವಿಲಿಯಂ ವೆಬ್ ಎಲಿಸ್

ಮುಂಬಯಿಯ ಆಜಾದ್ ಮೈದಾನದ ಬದಿಯಲ್ಲಿ ನಡೆದು ಹೋಗುವ ನಮ್ಮ ವಾಚಕರಲ್ಲಿ ಹಲವರು, ಬಾಂಬೆ ಜಿಮ್ಖಾನಾದ ಬಯಲಿನಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ರಗ್ಬಿ ಆಟಗಾರರನ್ನು ಬೇಲಿಯ ಹೊರಗೆ ನಿಂತು ಕಂಡಿರಬಹುದು. ಒಬ್ಬನು ಓಡುವನು, ನಾಲ್ಕಾರು ಮಂದಿ ಅವನ ಮೇಲೆ ಬೀಳುವರು, ಅಷ್ಟರಲ್ಲಿ ರೆಫರಿಯು ಸೀಟಿ ಊದಿ ಆಟವನ್ನು ನಿಲ್ಲಿಸುವನು. ಏಕೆ ನಿಲ್ಲಿಸಿದನೆಂಬುದು ಬೇಲಿಯ ಹೊರಗಿನವರಿಗೆ ತಿಳಿಯದು. ಅನೇಕ ವೇಳೆ ಅದಕ್ಕೆ ಕಾರಣವು ಆಫ್‌ಸೈಡ್ ಎಂಬ ನಿಯಮ. ಈ ಆಟದ ಮೂಲಪುರುಷರೆಂದು ಹೆಸರಾದ ವಿಲಿಯಂ ವೆಬ್ ಎಲಿಸ್ ಎಂಬವರ ಜೀವನವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ. ಅವರು ನ್ಯಾಯವಾಗಿ ಆಡಿದರೋ ಅನ್ಯಾಯವಾಗಿ ಆಡಿದರೋ ಎಂಬುದು ಅವರು ಮಡಿದು ಎರಡು ದಶಕಗಳ ಮೇಲೆ ವಿಚಾರಣೆಗೆ ಬಂದುದೇ ಈ ಕಥೆಯ ವೈಶಿಷ್ಟ್ಯ.

ಎಲಿಸರು ಹುಟ್ಟಿದ್ದು ೧೮೦೬ನೆಯ ಇಸವಿ ನವೆಂಬರ್ ೨೪ರಂದು, ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ. ತಂದೆ ಜೇಮ್ಸ್ ಎಲಿಸ್ ಕುದುರೆ ಸೈನ್ಯದ ಅಧಿಕಾರಿ. ೧೮೧೧ರಲ್ಲಿ ನೆಪೋಲಿಯನ್ನನ ಸೇನೆಯೊಡನೆ ಸ್ಪೇನಿನ ಆಲ್ಬುವೆರಾದಲ್ಲಿ ನಡೆದ ಕಾಳಗದಲ್ಲಿ ಆತನು ಮಡಿದನು. ವಿಧವೆಯಾದ ತಾಯಿ ಆನ್, ತನ್ನ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ರಗ್ಬಿ ಎಂಬ ಪಟ್ಟಣಕ್ಕೆ ಬಂದು ನೆಲೆಸಿದಳು. ಅಲ್ಲಿನ ಹೆಸರುವಾಸಿಯಾದ ಶಾಲೆಯಲ್ಲಿ, ಪಟ್ಟಣದಿಂದ ಹತ್ತು ಮೈಲಿಯೊಳಗೆ ವಾಸಿಸುವವರ ಮಕ್ಕಳಿಗೆ ಫೀಸು ಇರಲಿಲ್ಲ. ಹಣವಂತರ ಮಕ್ಕಳು ಹಣ ತೆತ್ತು ಓದುವಲ್ಲಿ ಇವರಿಗೆ ಪುಕ್ಕಟೆ ವಿದ್ಯೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮವರಿಗೆ ಆ ತಾಯಿಯ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಲಿಯಂ ೧೮೧೬ರಿಂದ ೧೮೨೫ರವರೆಗೆ ಅಲ್ಲಿ ಓದಿದನು. ಓದಿನಲ್ಲಿ ಜಾಣ, ಕ್ರಿಕೆಟಿನಲ್ಲಿ ನಿಪುಣ.

ಆ ಕಾಲದ ರಗ್ಬಿ ಶಾಲೆಯ ಫುಟ್‌ಬಾಲ್ ಈಗಿನ ಫುಟ್‌ಬಾಲೂ ಅಲ್ಲ, ಈಗಿನ ರಗ್ಬಿಯೂ ಅಲ್ಲ. ಆಟಗಾರರ ಸಂಖ್ಯೆಗೆ ಮಿತಿಯಿಲ್ಲ. ಹುಡುಗರ ದಂಡುಗಳೇ ಎರಡು ಪಕ್ಷಗಳಾಗಿ ಕಾದುತ್ತಿದ್ದವು. ಮೇಲಿನಿಂದ ಬಂದ ಚೆಂಡನ್ನು ಕೈಯಲ್ಲಿ ಹಿಡಿಯಬಹುದಿತ್ತು. ಆದರೆ ಹಿಡಿದವನು ಹಿಂದಕ್ಕೆ ಸರಿಯಬೇಕು, ಅಲ್ಲಿಂದ ಒದೆಯಬೇಕು. ಎದುರು ಪಕ್ಷದವರು ಅವನು ಚೆಂಡನ್ನು ಹಿಡಿದ ಜಾಗದವರೆಗೆ ಮಾತ್ರ ಮುಂದೆ ಬರಬಹುದು, ಅದನ್ನು ದಾಟುವಂತಿಲ್ಲ. ೧೮೨೩ರಲ್ಲಿ ಒಂದು ದಿನ ಎಲಿಸ್ ಬಾಲಕನು ಚೆಂಡನ್ನು ಹಿಡಿದವನು ಹಿಂದೆ ಸರಿಯದೆ, ಅದನ್ನು ತೋಳಿನಲ್ಲಿ ಅಪ್ಪಿಕೊಂಡು ಎದುರಾಳಿಗಳ ಗೋಲಿನತ್ತ ಓಡಿದನೆಂದು ಪ್ರತೀತಿ.

ಇಲ್ಲಿ ಆಫ್‌ಸೈಡಿನ ಮಾತನ್ನು ಹೇಳಬೇಕು. ಈ ನಿಯಮದ ತಿರುಳು ಸರಳವಾದುದು. ಚೆಂಡು ಎಲ್ಲಿದೆಯೋ ಅದೇ ಎರಡು ಪಕ್ಷಗಳ ಗಡಿ. ತನ್ನವನು ಒದೆದ ಅಥವಾ ಹಿಡಿದ ಚೆಂಡಿಗಿಂತ ಮುಂದೆ ಇರುವವನು ತನ್ನ ಪಕ್ಷವನ್ನು ಬಿಟ್ಟು ಹೊರಗಾದವನು. ಅವನು ಆಟಕ್ಕೆ ಕೈಹಾಕಬಾರದು. ಮುಂಬಯಿಯ ಬಸ್ ಸ್ಟಾಪಿನಲ್ಲಿ ಎಲ್ಲರೂ ಕ್ಯೂ ನಿಂತಿರುವಾಗ ಒಬ್ಬನು ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಂತು, ಬಸ್ಸು ನಿಧಾನವಾದೊಡನೆ ಹತ್ತಿಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಆಫ್‌ಸೈಡ್ ಎಂದರೆ ಹೆಚ್ಚುಕಡಿಮೆ ಅದೇ. ಈಟನ್ ಎಂಬ ಇನ್ನೊಂದು ದೊಡ್ಡ ಶಾಲೆಯ ಹುಡುಗರು ಇದಕ್ಕೆ ಕಳ್ಳತನದಿಂದ ನುಸುಳುವುದೆಂಬ ಅರ್ಥದ ಹೆಸರನ್ನೇ ಇಟ್ಟಿದ್ದರು.

ಆದರೆ ಈ ನಿಯಮವು ಕೆಲವೊಮ್ಮೆ ಕಠೋರವೆಂದು ತೋರುವುದೂ ನಿಜ. ಹಿಂದಿನಿಂದ ತನ್ನವನು ಚೆಂಡನ್ನು ಮುಂದಕ್ಕೆ ಒದೆದರೆ, ಸುಮ್ಮನೆ ನಿಂತಿದ್ದವನೂ ಏನೂ ಮಾಡದೆಯೇ ಆಫ್‌ಸೈಡ್ ಆಗುತ್ತಾನೆ. ತಪ್ಪಿಲ್ಲದವನಿಗೆ ಶಿಕ್ಷೆಯೇ ಎಂದು ಕೇಳಬಹುದು. ಹಾಗಲ್ಲ. ಈಗಿನ ನಿಯಮದಂತೆ ಆಫ್‌ಸೈಡ್ ಆಗುವುದೇ ಅಪರಾಧವಲ್ಲ. ಆಗಿದ್ದುಕೊಂಡು ಆಟಕ್ಕೆ ತಲೆಹಾಕುವುದು ಅಪರಾಧ. ಚೆಂಡು ಬೀಳುವ ಜಾಗಕ್ಕೆ ಹತ್ತು ಮೀಟರಿಗಿಂತ ಹತ್ತಿರವಿದ್ದರೆ ಕೂಡಲೇ ಹಿಂದೆ ಸರಿಯಬೇಕು. ಒದೆದವನು ಓಡಿಬಂದು ಇವನನ್ನು ದಾಟಿದರೆ ಇವನು ಮತ್ತೆ ಶುದ್ಧನಾಗುತ್ತಾನೆ. ಇಷ್ಟು ಉದಾರವಾದ ಕಾನೂನು ನಮ್ಮ ಸರಕಾರಿ ಕಚೇರಿಗಳಲ್ಲಿ ಕೂಡ ದುರ್ಲಭ!

ಎಲಿಸನ ಓಟವನ್ನು ಈ ತಕ್ಕಡಿಯಲ್ಲಿಟ್ಟು ತೂಗಿದರೆ ಏನು ಕಾಣುತ್ತದೆ? ಅವನು ಚೆಂಡಿನ ಮುಂದೆ ಹೋಗಿ ಅಡಗಿ ನಿಂತವನಲ್ಲ. ಚೆಂಡನ್ನು ಕೂಡಿಕೊಂಡೇ ಎಲ್ಲರ ಕಣ್ಣೆದುರು ಹೋದವನು. ನುಸುಳಿದನೆಂಬ ದೋಷ ಅವನಿಗೆ ತಟ್ಟದು. ಆದರೂ ಎದುರಾಳಿಗಳು ನಿಯಮಕ್ಕೆ ತಲೆಬಾಗಿ ಗುರುತಿನ ಬಳಿ ನಿಂತಿದ್ದರು. ಅವರ ಆ ವಿಧೇಯತೆಯನ್ನೇ ಅವನು ಲಾಭ ಮಾಡಿಕೊಂಡನು. ಆ ದಿನದ ಮಟ್ಟಿಗೆ ಅದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಶಾಲೆ ಬಿಟ್ಟ ಎಲಿಸರು ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜನ್ನು ಸೇರಿದರು. ೧೮೨೭ರಲ್ಲಿ ಕೇಂಬ್ರಿಜ್ ವಿರುದ್ಧ ನಡೆದ ಮೊದಲ ಕ್ರಿಕೆಟ್ ಪಂದ್ಯದಲ್ಲಿ ಆಕ್ಸ್‌ಫರ್ಡ್ ಪಕ್ಷದಲ್ಲಿ ಆಡಿದರು. ಅನಂತರ ಪಾದ್ರಿಗಳಾಗಿ ಲಂಡನ್ನಿನ ಆಲ್ಬೆಮಾರ್ಲ್ ಬೀದಿಯ ಇಗರ್ಜಿಯಲ್ಲಿ, ಮುಂದೆ ಸ್ಟ್ರಾಂಡಿನ ಸೇಂಟ್ ಕ್ಲೆಮೆಂಟ್ ಡೇನ್ಸ್ ಇಗರ್ಜಿಯಲ್ಲಿ ಸೇವೆ ಸಲ್ಲಿಸಿದರು. ೧೮೫೫ರಿಂದ ಎಸೆಕ್ಸ್ ಪ್ರಾಂತದ ಒಂದು ಹಳ್ಳಿಯ ಗುರುಗಳಾದರು. ಮದುವೆಯಾಗಲಿಲ್ಲ. ೧೮೭೨ರ ಫೆಬ್ರವರಿ ೨೪ರಂದು ಫ್ರಾನ್ಸಿನ ದಕ್ಷಿಣ ತೀರದ ಮಾಂತೋನ್ ಎಂಬಲ್ಲಿ ತೀರಿಕೊಂಡರು. ಆಸ್ತಿಯ ಬಹುಭಾಗವನ್ನು ಧರ್ಮಕಾರ್ಯಗಳಿಗೆ ಬರೆದಿಟ್ಟಿದ್ದರು.

ಅವರು ಸತ್ತು ನಾಲ್ಕು ವರ್ಷಗಳ ಬಳಿಕ, ೧೮೭೬ರಲ್ಲಿ, ಅದೇ ಶಾಲೆಯ ಹಳೆಯ ವಿದ್ಯಾರ್ಥಿ ಮ್ಯಾಥ್ಯೂ ಬ್ಲಾಕ್ಸಮ್ ಎಂಬವರು ಶಾಲೆಯ ಪತ್ರಿಕೆಯಲ್ಲಿ ಈ ಓಟದ ಸುದ್ದಿಯನ್ನು ಬರೆದರು. ೧೮೮೦ರಲ್ಲಿ ಇನ್ನೊಮ್ಮೆ ಬರೆದರು. ಬ್ಲಾಕ್ಸಮರು ೧೮೨೦ರಲ್ಲೇ ಶಾಲೆ ಬಿಟ್ಟವರು, ಓಟವನ್ನು ಕಣ್ಣಾರೆ ಕಂಡವರಲ್ಲ. ಎಲಿಸರನ್ನು ಕೇಳೋಣವೆಂದರೆ ಅವರು ಮಣ್ಣಾಗಿದ್ದರು. ೧೮೯೫ರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವು ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಎಲಿಸರನ್ನು ಬಲ್ಲ ಥಾಮಸ್ ಹ್ಯಾರಿಸ್ ಎಂಬ ವೃದ್ಧರು, ಆತ ಉತ್ತಮ ಕ್ರಿಕೆಟ್ ಆಟಗಾರನೆಂದೂ ಫುಟ್‌ಬಾಲಿನಲ್ಲಿ ಮಾತ್ರ ಅನ್ಯಾಯದ ಲಾಭ ಪಡೆಯುವವನೆಂದು ಹೆಸರಾಗಿದ್ದನೆಂದೂ ತಿಳಿಸಿದರು. ಜೊತೆಗೆ ತಮ್ಮನ್ನು ಇದಕ್ಕೆ ಆಧಾರವೆಂದು ಹೆಸರಿಸಬಾರದೆಂದು ಬೇಡಿಕೊಂಡರು. ೧೮೩೪ರಲ್ಲಿ ಶಾಲೆಗೆ ಸೇರಿದ್ದ ಪ್ರಸಿದ್ಧ ಕಾದಂಬರಿಕಾರ ಥಾಮಸ್ ಹ್ಯೂಸ್ ಬೇರೊಂದು ಬಗೆಯ ಸಾಕ್ಷ್ಯ ನೀಡಿದರು. ತಮ್ಮ ಕಾಲದಲ್ಲಿ ಚೆಂಡನ್ನು ಹೊತ್ತು ಓಡುವುದು ಪೂರ್ತಿ ನಿಷಿದ್ಧವಾಗಿರಲಿಲ್ಲ, ಆದರೆ ಹಾಗೆ ಓಡುವ ಹುಡುಗನನ್ನು ಯಾರಾದರೂ ಕೊಂದಿದ್ದರೂ ಶಾಲೆಯ ಹುಡುಗರು ಕೊಂದವನನ್ನು ನಿರ್ದೋಷಿಯೆನ್ನುತ್ತಿದ್ದರೆಂಬುದು ಅವರ ಹೇಳಿಕೆಯ ಸಾರ. ಜೆಮ್ ಮ್ಯಾಕಿ ಎಂಬ ಬಲಿಷ್ಠ ವಿದ್ಯಾರ್ಥಿಯು ೧೮೩೮-೩೯ರಲ್ಲಿ ಈ ಓಟವನ್ನು ರೂಢಿಗೆ ತಂದನೆಂದೂ, ೧೮೪೧-೪೨ರಲ್ಲಿ ಅದು ನಿಯಮಬದ್ಧವಾಯಿತೆಂದೂ ಅವರು ತಿಳಿಸಿದರು.

ನಮಗೆ ಮುಖ್ಯವೆನಿಸುವುದು ಈ ಕೊನೆಯ ಸಂಗತಿ. ೧೮೪೫ರಲ್ಲಿ ವಿದ್ಯಾರ್ಥಿಗಳೇ ಕೂಡಿ ನಿಯಮಗಳನ್ನು ಮೊದಲ ಬಾರಿಗೆ ಬರೆದು ಅಚ್ಚು ಮಾಡಿಸಿದಾಗ, ಆಫ್‌ಸೈಡ್ ಅಲ್ಲದವನಿಗೆ ಮಾತ್ರ ಚೆಂಡನ್ನು ಹೊತ್ತು ಓಡುವ ಹಕ್ಕನ್ನು ಕೊಟ್ಟರು, ನೆಲದಿಂದ ಎತ್ತಿಕೊಂಡ ಚೆಂಡಿಗೆ ಅದನ್ನೂ ಕೊಡಲಿಲ್ಲ. ಓಡುವವನನ್ನು ಹಿಡಿಯಲು, ಮೊಣಕಾಲಿನ ಕೆಳಗೆ ಒದೆಯಲು ಸಹ ಎದುರಾಳಿಗಳಿಗೆ ಅವಕಾಶವಿತ್ತು. ಒಬ್ಬನು ಕದ್ದ ಲಾಭವು ಎಲ್ಲರ ಹಕ್ಕಾಯಿತು. ಅದರ ಬೆಲೆಯನ್ನು ಓಡುವವನು ತನ್ನ ಮೈಯಿಂದಲೇ ತೆರಬೇಕಾಯಿತು. ಆ ಕಾಲೊದೆತದ ಜಗಳದಿಂದಲೇ ೧೮೬೩ರಲ್ಲಿ ಬ್ಲಾಕ್‌ಹೀತ್ ಕ್ಲಬ್ಬು ಫುಟ್‌ಬಾಲ್ ಸಂಘದಿಂದ ಹೊರಬಿದ್ದಿತು. ೧೮೭೧ರಲ್ಲಿ ರಗ್ಬಿ ಯೂನಿಯನ್ ಸ್ಥಾಪನೆಯಾಯಿತು. ಫುಟ್‌ಬಾಲಿನವರು ೧೮೬೬ರಲ್ಲೂ ೧೯೨೫ರಲ್ಲೂ ತಮ್ಮ ಆಫ್‌ಸೈಡನ್ನು ಸಡಿಲಿಸಿದರು. ರಗ್ಬಿಯವರು ಇಂದಿಗೂ ಚೆಂಡಿನ ಹಿಂದೆಯೇ ನಿಲ್ಲುತ್ತಾರೆ, ಕೈಯಿಂದ ಹಿಂದಕ್ಕೇ ಎಸೆಯುತ್ತಾರೆ.

ಈ ಆಟವು ನಮ್ಮ ದೇಶಕ್ಕೆ ಬಂದು ಬಿಟ್ಟುಹೋದ ಗುರುತೂ ಒಂದಿದೆ. ೧೮೭೩ರಲ್ಲಿ ಕಲಕತ್ತೆಯಲ್ಲಿ ಆಂಗ್ಲರು ರಗ್ಬಿ ಕ್ಲಬ್ಬೊಂದನ್ನು ಕಟ್ಟಿದರು. ಪುಕ್ಕಟೆ ಪಾನಗೃಹ ನಿಂತೊಡನೆ ಸದಸ್ಯರು ಕರಗಿದರಂತೆ. ಹೋಟೆಲ್ ನಡೆಸಿದ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಹಿಡಿಕೆಗಳೂ ಮುಚ್ಚಳದ ಮೇಲೆ ಆನೆಯೂ ಉಳ್ಳ ಕಪ್ಪೊಂದನ್ನು ಮಾಡಿಸಿ ಕಳುಹಿದರು. ಅದಕ್ಕಾಗಿ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ೧೮೭೯ರಿಂದ ಸೆಣಸುತ್ತ ಬಂದಿವೆ.

ವಿಚಾರಣಾ ಸಮಿತಿಯು ೧೮೯೭ರಲ್ಲಿ ವರದಿ ಒಪ್ಪಿಸಿ, ಓಟವನ್ನು ಆರಂಭಿಸಿದವನು ಬಹುಶಃ ಎಲಿಸನೇ ಎಂದಿತು. ೧೯೦೦ರಲ್ಲಿ ಶಾಲೆಯ ಗೋಡೆಯಲ್ಲಿ ಕಲ್ಲೊಂದನ್ನು ನೆಟ್ಟರು; ನಿಯಮವನ್ನು ಕಡೆಗಣಿಸಿದ್ದನ್ನೇ ಅದರಲ್ಲಿ ಹೊಗಳಿ ಕೆತ್ತಿಸಿದರು. ಅನ್ಯಾಯಗಾರನೆಂದು ಹ್ಯಾರಿಸರು ನುಡಿದ ಸಾಕ್ಷ್ಯಕ್ಕೆ ಕಲ್ಲಿನಲ್ಲಿ ಜಾಗ ದೊರೆಯಲಿಲ್ಲ. ೧೯೮೭ರಲ್ಲಿ ಆರಂಭವಾದ ವಿಶ್ವಕಪ್ ಪಂದ್ಯಗಳ ಕಪ್ಪಿಗೂ ಎಲಿಸರ ಹೆಸರೇ. ಮಾಂತೋನಿನ ಹಳೆಯ ಕೋಟೆಯ ಸ್ಮಶಾನದಲ್ಲಿದ್ದ ಅವರ ಸಮಾಧಿಯನ್ನು ಮಾತ್ರ ಲೋಕವು ಮರೆತೇ ಬಿಟ್ಟಿತ್ತು. ೧೯೫೮ರಲ್ಲಿ ರಾಸ್ ಮೆಕ್‌ವರ್ಟರ್ ಎಂಬ ಪತ್ರಕರ್ತರು ಅದನ್ನು ಹುಡುಕಿ ತೆಗೆದರು. ಸಮುದ್ರಕ್ಕೆ ಮುಖಮಾಡಿದ ಆ ಗುಡ್ಡವನ್ನು ರಗ್ಬಿ ಪ್ರಿಯರು ಈಗ ಹತ್ತಿ ಹೋಗುತ್ತಾರೆ.